ಕಡಲಂಚಿನ ಅರಮನೆ, ಮಾಡಿನಡಿಯ ಗುಮ್ಮಟ

ಇಸ್ತಾನ್‌ಬುಲ್ ಗುಮ್ಮಟಗಳ ಊರು. ಗೋಲ್ಡನ್ ಹಾರ್ನ್ ಕೊಲ್ಲಿಯ ದಡದಲ್ಲಿ ನಿಂತರೆ ಸುಲೈಮಾನಿಯೆ, ಯೆನಿ ಮಸೀದಿ, ಆಯಾ ಸೋಫಿಯಾ ಎಂದು ಒಂದಾದ ಮೇಲೊಂದು ಗುಮ್ಮಟಗಳು ಕಣ್ಣಿಗೆ ಬೀಳುತ್ತವೆ. ಅದೇ ಊರಿನಲ್ಲಿ, ಬೋಸ್ಫರಸ್ ಜಲಸಂಧಿಯ ಯುರೋಪ್ ದಂಡೆಗೆ ತಾಗಿಕೊಂಡು ಸುಮಾರು 600 ಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ದೊಲ್ಮಾಬಾಚೆ ಅರಮನೆಯನ್ನು ದೋಣಿಯಿಂದ ನೋಡುವವರಿಗೆ ಗುಮ್ಮಟದ ಸುಳಿವೇ ಸಿಗುವುದಿಲ್ಲ. ಬಿಳಿಗಲ್ಲಿನ ಜೋಡಿಕಂಬಗಳ ಸಾಲು, ಉದ್ದುದ್ದ ಕಿಟಕಿಗಳು, ಹೂಬಳ್ಳಿಯ ಕೆತ್ತನೆ, ಮೇಲೆ ಇಳಿಜಾರು ಮಾಡು. ಪ್ಯಾರಿಸ್ಸಿನಲ್ಲೋ ವಿಯೆನ್ನಾದಲ್ಲೋ ಇರಬೇಕಾದ ಕಟ್ಟಡ ದಾರಿ ತಪ್ಪಿ ಇಲ್ಲಿಗೆ ಬಂದು ನಿಂತಿದೆ ಎಂದೇ ಬಹಳ ಪ್ರವಾಸಿಗರು ತೀರ್ಮಾನಿಸಿಬಿಡುತ್ತಾರೆ.

ಆದರೆ ಆ ಮಾಡಿನ ಅಡಿಯಲ್ಲಿ ಗುಮ್ಮಟವಿದೆ. ನೆಲದಿಂದ 36 ಮೀಟರ್ ಎತ್ತರದ, ಒಳಗೆಲ್ಲ ಚಿತ್ರ ಬರೆದ ಭಾರಿ ಗುಮ್ಮಟ. ಹೊರಗಿನವರ ಕಣ್ಣಿಗೆ ಬೀಳದಂತೆ ಅದನ್ನು ಮಾಡಿನೊಳಗೆ ಸೇರಿಸಿ ಕಟ್ಟಿದ್ದಾರೆ. ದೊಲ್ಮಾಬಾಚೆಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಸೂಚನೆ ಇನ್ನೊಂದಿಲ್ಲ. ಯುರೋಪಿನ ಕಣ್ಣಿಗಾಗಿ ಸಿದ್ಧಪಡಿಸಿದ್ದು ಇದರ ಮುಖ. ಇದರ ಒಡಲು ಮಾತ್ರ ಆಟೊಮನ್ ತುರ್ಕರು ಶತಮಾನಗಳಿಂದ ಬಾಳಿಕೊಂಡು ಬಂದ ಮನೆಯದೇ.

ಸುಲ್ತಾನ ಅಬ್ದುಲ್ ಮಜೀದ್ 1839ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ ಹದಿನಾರು ವರ್ಷ. ಪಟ್ಟಕ್ಕೆ ಬಂದ ಕೆಲವೇ ತಿಂಗಳಲ್ಲಿ, ಅದೇ ವರ್ಷದ ನವೆಂಬರ್ 3ರಂದು, ಗುಲ್‌ಹಾನೆ ಉದ್ಯಾನದಲ್ಲಿ ಅವನ ಹೆಸರಿನಲ್ಲಿ ಒಂದು ಘೋಷಣೆ ಓದಲಾಯಿತು. ಪ್ರಜೆಗಳ ಪ್ರಾಣ, ಮಾನ, ಆಸ್ತಿಗೆ ರಕ್ಷಣೆ, ನ್ಯಾಯವಾದ ತೆರಿಗೆ, ಬಹಿರಂಗ ವಿಚಾರಣೆ ಇವು ಅದರ ಸಾರ. ತಂಜಿಮಾತ್ ಎಂದು ಕರೆಯುವ ಸುಧಾರಣೆಗಳ ಕಾಲ ಶುರುವಾದದ್ದು ಹೀಗೆ. ಸೈನ್ಯ, ಶಾಲೆ, ಕಚೇರಿ, ಉಡುಪು ಎಲ್ಲವೂ ಮಾರ್ಪಡುತ್ತಿದ್ದವು. ರುಮಾಲು ಹೋಗಿ ಕೆಂಪು ಫೆಜ್ ಟೋಪಿ ಬಂದಿತ್ತು. ಸುಲ್ತಾನನ ಮನೆ ಮಾತ್ರ ಹಳೆಯದೇ ಆಗಿತ್ತು.

ಆ ಹಳೆಯ ಮನೆ ಟೋಪ್ಕಪಿ. ಹದಿನೈದನೇ ಶತಮಾನದಿಂದಲೂ ಆಟೊಮನ್ನರ ಅಧಿಕಾರದ ಪೀಠ. ಅದಕ್ಕೆ ಮುಖ ಎಂಬುದೇ ಇಲ್ಲ. ಒಂದು ಅಂಗಳ ದಾಟಿದರೆ ಇನ್ನೊಂದು, ಅದರಾಚೆ ಮತ್ತೊಂದು. ನಡುನಡುವೆ ಮಂಟಪ, ತೋಟ, ಅಡುಗೆಮನೆಗಳ ಸಾಲು. ಒಳಗೊಳಗೆ ಹೋದಂತೆ ಮಾತು ಕಡಿಮೆಯಾಗುತ್ತ ಹೋಗಬೇಕು ಎಂಬುದು ಅಲ್ಲಿನ ಕಟ್ಟಳೆ. ಸುಲ್ತಾನ ಎಷ್ಟು ಕಡಿಮೆ ಕಾಣಿಸಿಕೊಳ್ಳುತ್ತಾನೋ ಅಷ್ಟು ಅವನ ತೂಕ ಹೆಚ್ಚು. ಟಿಪ್ಪು ಸುಲ್ತಾನನ ರಾಯಭಾರಿಗಳು ಮೈಸೂರು ಸೀಮೆಯಿಂದ ಹೊರಟು, ಸಮುದ್ರಯಾನದಲ್ಲಿ ಅನೇಕರನ್ನು ಕಳೆದುಕೊಂಡು, 1787ರಲ್ಲಿ ಇಸ್ತಾನ್‌ಬುಲ್ ತಲುಪಿದಾಗ ಆಟೊಮನ್ನರು ಆಳುತ್ತಿದ್ದುದು ಈ ಟೋಪ್ಕಪಿಯಿಂದಲೇ.

ಅರ್ಧ ಶತಮಾನದಲ್ಲಿ ಲೋಕದ ಲೆಕ್ಕಾಚಾರ ತಿರುಗುಮುರುಗಾಗಿತ್ತು. ರಷ್ಯಾ ಉತ್ತರದಿಂದ ಒತ್ತುತ್ತಿತ್ತು. ಗ್ರೀಸ್ ಕೈತಪ್ಪಿತ್ತು. ಈಜಿಪ್ಟಿನಲ್ಲಿ ಸುಲ್ತಾನನ ಪ್ರತಿನಿಧಿಯೇ ಅವನ ಮೇಲೆ ಸೇನೆ ಕಳಿಸಿದ್ದ. ಬ್ರಿಟನ್ ಮತ್ತು ಫ್ರಾನ್ಸುಗಳ ಸ್ನೇಹವಿಲ್ಲದೆ ಸಾಮ್ರಾಜ್ಯ ಉಳಿಯುವಂತಿರಲಿಲ್ಲ. ಲಂಡನ್, ಪ್ಯಾರಿಸ್‌ಗಳಿಂದ ಬಂದ ರಾಯಭಾರಿಗಳನ್ನು ಕರೆದು ಕೂರಿಸಲು, ಔತಣ ಕೊಡಲು, ನಾವೂ ನಿಮ್ಮ ಸಾಲಿನವರೇ ಎಂದು ಬಾಯಿಬಿಟ್ಟು ಹೇಳದೆಯೇ ಹೇಳಲು ಒಂದು ಮನೆ ಬೇಕಿತ್ತು. ಅಬ್ದುಲ್ ಮಜೀದ್ ಬೆಶಿಕ್ತಾಶ್ ಬಳಿ ಕಡಲ ದಂಡೆಯಲ್ಲಿದ್ದ ಹಳೆಯ ಮರದ ಅರಮನೆಯನ್ನು ಕೆಡವಿಸಿದ. ಆ ಜಾಗವೇ ಒಂದು ಕಾಲಕ್ಕೆ ಹಡಗು ನಿಲ್ಲುವ ಸಣ್ಣ ಕೊಲ್ಲಿಯಾಗಿತ್ತು. ಹದಿನೇಳನೇ ಶತಮಾನದಲ್ಲಿ ಅದಕ್ಕೆ ಮಣ್ಣು ತುಂಬಿಸಿ ಅರಸರ ತೋಟ ಮಾಡಿದ್ದರು. 1843ರಲ್ಲಿ ಕಲ್ಲಿನ ಕೆಲಸ ಶುರುವಾಯಿತು. ಮುಗಿದು ಬಾಗಿಲು ತೆರೆದದ್ದು 1856ರಲ್ಲಿ.

ಇಲ್ಲಿ ಕಟ್ಟಿದವರ ವಿಷಯ ಹೇಳಲೇಬೇಕು. ಯುರೋಪಿನ ರೂಪದ ಅರಮನೆ ಎಂದಾಕ್ಷಣ ಯಾರೋ ಫ್ರೆಂಚ್ ಅಥವಾ ಇಟಾಲಿಯನ್ ವಾಸ್ತುಶಿಲ್ಪಿಯನ್ನು ಕರೆಸಿರಬೇಕು ಎಂದು ಊಹಿಸುವುದು ಸಹಜ. ಹಾಗಾಗಲಿಲ್ಲ. ದೊಲ್ಮಾಬಾಚೆಯನ್ನು ಕಟ್ಟಿದವರು ಇಸ್ತಾನ್‌ಬುಲ್‌ನವರೇ ಆದ ಆರ್ಮೇನಿಯನ್ನರು, ಸುಲ್ತಾನನ ಕ್ರೈಸ್ತ ಪ್ರಜೆಗಳು. ಬಾಲ್ಯಾನ್ ಎಂಬ ಆ ಮನೆತನ ತಲೆಮಾರುಗಳಿಂದ ಅರಮನೆಯ ಕಟ್ಟಡ ಕೆಲಸ ನೋಡಿಕೊಂಡು ಬಂದಿತ್ತು. ತಂದೆ ಕ್ರಿಕೋರ್ ಬಾಲ್ಯಾನ್ ಇದೇ ದಂಡೆಯಲ್ಲಿ ನುಸ್ರೆತಿಯೆ ಮಸೀದಿ ಕಟ್ಟಿದ್ದರು. ಮಗ ಗರಬೆತ್ ಬಾಲ್ಯಾನ್ ದೊಲ್ಮಾಬಾಚೆಯ ಮುಖ್ಯ ಶಿಲ್ಪಿ. ಮೊಮ್ಮಗ ನಿಗೊಗೊಸ್ ಪ್ಯಾರಿಸ್ಸಿನಲ್ಲಿ ಓದಿ ಬಂದವರು. ಅರಮನೆಯ ಅಬ್ಬರದ ಮಹಾದ್ವಾರಗಳು, ನಡುವಿನ ದೊಡ್ಡ ಸಭಾಂಗಣ ಅವರ ಕೈಚಳಕ ಎನ್ನುತ್ತಾರೆ. 1858ರಲ್ಲಿ, ಮೂವತ್ತೆರಡರ ಆಸುಪಾಸಿನಲ್ಲೇ ಅವರು ತೀರಿಕೊಂಡರು. ಅಷ್ಟರೊಳಗೆ ಬೋಸ್ಫರಸ್ ನೀರಿಗೆ ಅಂಚುಗಟ್ಟಿದಂತಿರುವ ಒರ್ತಾಕೊಯ್ ಮಸೀದಿಯನ್ನೂ ಮುಗಿಸಿದ್ದರು.

ಗರಬೆತ್ ಅರಮನೆಯನ್ನಷ್ಟೇ ಕಟ್ಟಿದವರಲ್ಲ. ಅದೇ ಬೆಶಿಕ್ತಾಶ್‌ನಲ್ಲಿ 1838ರಲ್ಲಿ ತಮ್ಮ ಸಮುದಾಯಕ್ಕೆ ಮರಿಯಮ್ಮನ ಚರ್ಚ್ ಕಟ್ಟಿಕೊಟ್ಟಿದ್ದರು. ಅರಮನೆಯ ಪಕ್ಕದ ಮಸೀದಿಯೂ ಅವರದೇ. ಅದನ್ನು ಶುರು ಮಾಡಿಸಿದ್ದು ಸುಲ್ತಾನನ ತಾಯಿ ಬೆಜ್ಮಿಆಲೆಮ್. 1853ರಲ್ಲಿ ಆಕೆ ತೀರಿಕೊಂಡ ಮೇಲೆ ಮಗ ಮುಗಿಸಿದ. ಅದರ ಎರಡು ಮಿನಾರುಗಳನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಗ್ರೀಕ್ ದೇವಾಲಯದ ಕೊರಿಂಥಿಯನ್ ಕಂಬವನ್ನು ಸಣ್ಣಗೆ, ಉದ್ದಕ್ಕೆ ಎಳೆದು, ಎಲೆಗಳ ಬೋದಿಗೆಯ ಮೇಲೆ ಆಜಾನ್ ಕೂಗುವ ಮೊಗಸಾಲೆ ಇಟ್ಟಂತಿವೆ. ಮಿನಾರು ಹೀಗೆಯೇ ಇರಬೇಕು ಎಂಬ ನಿಯಮವನ್ನು ಮುರಿದೂ ಅದು ಮಿನಾರಾಗಿಯೇ ಉಳಿದಿದೆ. ಎರಡು ಸಂಪ್ರದಾಯಗಳನ್ನು ಬರೀ ಪಕ್ಕಪಕ್ಕಕ್ಕೆ ಅಂಟಿಸಿದವರಿಂದ ಇಂಥ ಕೆಲಸ ಆಗುವುದಿಲ್ಲ. ಎರಡನ್ನೂ ಮನೆಮಾತಿನಂತೆ ಬಲ್ಲವರಿಂದ ಮಾತ್ರ ಸಾಧ್ಯ.

ಅರಮನೆಯ ಮುಖ ಬರೋಕ್, ರೊಕೊಕೊ, ನವ ಅಭಿಜಾತ ಶೈಲಿಗಳ ಬೆರಕೆ. ಹೂಗೊಂಚಲು, ಚಿಪ್ಪು, ಕಲಶ, ಪದಕ, ಮಾಲೆಗಳು ಮೇಲಿಂದ ಕೆಳಗಿನವರೆಗೆ ತುಂಬಿಕೊಂಡಿವೆ. ಖಜಾನೆ ದ್ವಾರ, ಸುಲ್ತಾನ ದ್ವಾರ ಎಂಬ ಎರಡು ಮಹಾದ್ವಾರಗಳಲ್ಲಿ ಈ ಕೆತ್ತನೆ ಉಕ್ಕಿ ಹರಿಯುತ್ತದೆ. ಅಲಂಕಾರ ಸ್ವಲ್ಪ ಕಡಿಮೆಯಿದ್ದಿದ್ದರೆ ಚೆನ್ನಾಗಿತ್ತು ಎಂದು ಅನೇಕರಿಗೆ ಅನಿಸುತ್ತದೆ, ಆ ಅನಿಸಿಕೆ ತಪ್ಪಲ್ಲ. ಆದರೂ ಇಷ್ಟೆಲ್ಲ ಕೆತ್ತನೆಯ ನಡುವೆ ಒಂದೇ ಒಂದು ಮಾನವ ವಿಗ್ರಹ ಗೋಡೆಯ ಮೇಲಿಲ್ಲ ಎಂಬುದನ್ನು ಗಮನಿಸಬೇಕು. ಯುರೋಪಿನ ಅರಮನೆಯಾಗಿದ್ದರೆ ಅದೇ ಜಾಗದಲ್ಲಿ ದೇವದೂತರು, ದೇವತೆಯರು, ವಿಜಯಲಕ್ಷ್ಮಿಯರು ಸಾಲುಗಟ್ಟಿ ನಿಂತಿರುತ್ತಿದ್ದರು. ಇಲ್ಲಿ ಎಲೆ, ಹೂ, ಬಳ್ಳಿಗಳೇ ಆ ಜಾಗ ತುಂಬಿವೆ. ದ್ವಾರದ ನೆತ್ತಿಯಲ್ಲಿರುವುದು ಸುಲ್ತಾನನ ತುಘ್ರಾ, ಅಂದರೆ ಅವನ ಹೆಸರನ್ನೇ ಚಿತ್ರವಾಗಿ ಹೆಣೆದ ಅಕ್ಷರಮುದ್ರೆ.

ಒಳಗೆ ಕಾಲಿಟ್ಟ ಮೇಲೆ ಯುರೋಪ್ ಇನ್ನಷ್ಟು ಹಿಂದೆ ಸರಿಯುತ್ತದೆ. ವರ್ಸೇಲ್ಸ್‌ನಂಥ ಫ್ರೆಂಚ್ ಅರಮನೆಗಳಲ್ಲಿ ಕೋಣೆಗಳು ಸಾಲಾಗಿ ಒಂದರೊಳಗೊಂದು ತೆರೆದುಕೊಳ್ಳುತ್ತವೆ. ದೊಲ್ಮಾಬಾಚೆಯ ಲೆಕ್ಕವೇ ಬೇರೆ. ನಡುವೆ ಒಂದು ದೊಡ್ಡ ಪಡಸಾಲೆ, ತುರ್ಕರು ಸೋಫಾ ಎನ್ನುವುದು ಅದನ್ನೇ. ಅದರ ನಾಲ್ಕು ದಿಕ್ಕಿಗೆ ಚಾಚಿದ ತೋಳುಗಳು, ನಾಲ್ಕು ಮೂಲೆಯಲ್ಲಿ ಕೋಣೆಗಳು. ಪ್ರತಿ ಕೋಣೆಯ ಬಾಗಿಲೂ ನಡುವಿಗೇ ತೆರೆಯುತ್ತದೆ. ನಮ್ಮ ಕಡೆಯ ತೊಟ್ಟಿಮನೆಯಲ್ಲಿ ಬದುಕೆಲ್ಲ ತೊಟ್ಟಿಯ ಸುತ್ತ ನಡೆಯುವ ಹಾಗೆ ಅನಾತೋಲಿಯಾದ ಮರದ ಮನೆಗಳಲ್ಲಿ ಬದುಕು ನಡೆಯುತ್ತಿದ್ದುದು ಈ ಪಡಸಾಲೆಯ ಸುತ್ತ. ಬಾಲ್ಯಾನರು ಆ ನಕ್ಷೆಯನ್ನು ಬಿಡಲಿಲ್ಲ. ಅದನ್ನೇ ಹಿಗ್ಗಿಸಿ, ಅಂಥ ಹಲವು ಘಟಕಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿ, ಒಂದೇ ಮಾಡಿನಡಿ ತಂದರು. 285 ಕೋಣೆಗಳ, ನಲವತ್ತಕ್ಕೂ ಹೆಚ್ಚು ಪಡಸಾಲೆಗಳ, ಆರು ಹಮ್ಮಾಮುಗಳ ಈ ಅರಮನೆ ಮೂಲದಲ್ಲಿ ಒಂದು ತುರ್ಕಿ ಮನೆ, ಗಾತ್ರದಲ್ಲಿ ಮಾತ್ರ ಅರಮನೆ.

ಹಮ್ಮಾಮಿನ ಮಾತು ಬಂತು. ಸುಲ್ತಾನನ ಸ್ನಾನದ ಮನೆಗೆ ಬಳಸಿರುವುದು ಈಜಿಪ್ಟಿನಿಂದ ತಂದ ಅಲಬಾಸ್ಟರ್ ಕಲ್ಲು. ಜೇನುಬಣ್ಣದ, ನಸುಗೆಂಪು ಗೆರೆಗಳ ಈ ಕಲ್ಲು ಬೆಳಕು ತಾಗಿದರೆ ಒಳಗಿಂದಲೇ ಹೊಳೆಯುತ್ತದೆ. ಗೋಡೆಗೂ ತೊಟ್ಟಿಗೂ ಅದರಲ್ಲೇ ಬಳ್ಳಿ, ಎಲೆ ಕೆತ್ತಿದ್ದಾರೆ. ಕೆತ್ತನೆಯ ಬಾಗು ಬಳುಕು ಬರೋಕ್ ರೀತಿಯದು. ಆದರೆ ನೀರು ಬೀಳುವ ಕಲ್ಲಿನ ತೊಟ್ಟಿ, ಮೈಗೆ ನೀರು ಹೊಯ್ದುಕೊಳ್ಳುವ ಕ್ರಮ, ಮೇಲೆ ಬೆಳಕಿಂಡಿಗಳ ಮಾಳಿಗೆ ಎಲ್ಲವೂ ಹಳೆಯ ಹಮ್ಮಾಮಿನವೇ. ಹರಿಯುವ ನೀರಿನಲ್ಲಿ ಮೈ ತೊಳೆಯುವ ರೂಢಿಯವರಿಗೆ ನಿಂತ ನೀರಿನ ಟಬ್ಬಿನಲ್ಲಿ ಕೂರುವುದು ಒಗ್ಗುವಂತಿರಲಿಲ್ಲ. ಎಲ್ಲಿ ದೇಹದ ಅಭ್ಯಾಸ, ನಂಬಿಕೆ, ನಾಚಿಕೆಗಳ ಪ್ರಶ್ನೆ ಬರುತ್ತದೋ ಅಲ್ಲೆಲ್ಲ ಈ ಅರಮನೆ ಹಿಂದೆಮುಂದೆ ನೋಡದೆ ತನ್ನ ಹಳೆಯ ರೀತಿಯನ್ನೇ ಹಿಡಿದುಕೊಂಡಿದೆ.

ಅರಮನೆಯಲ್ಲಿ ಮೂರು ಭಾಗ. ದಕ್ಷಿಣಕ್ಕೆ ಮಾಬೆಯ್ನ್, ಗಂಡಸರ ಓಡಾಟದ, ರಾಜಕಾರಣದ ಭಾಗ. ಉತ್ತರಕ್ಕೆ ಜನಾನ. ನಡುವೆ ಎರಡಕ್ಕೂ ಸೇರಿದ ದರ್ಬಾರು ಸಭಾಂಗಣ. ಟೋಪ್ಕಪಿಯಲ್ಲಿ ಬೇರೆಯೇ ಕಟ್ಟಡಗಳಲ್ಲಿದ್ದ ಹೆಂಗಸರ ವಾಸ ಇಲ್ಲಿ ಒಂದೇ ಮಾಡಿನಡಿ ಬಂದಿತು, ಆದರೆ ನಡುವೆ ಕಬ್ಬಿಣದ ಬಾಗಿಲುಗಳು ನಿಂತವು. ಜನಾನದಲ್ಲಿ ರಾಜಮಾತೆಗೆ ಪ್ರತ್ಯೇಕ ವಾಸ, ಸುಲ್ತಾನನ ಮಡದಿಯರಿಗೆ ಒಬ್ಬೊಬ್ಬರಿಗೂ ತಮ್ಮದೇ ಪಡಸಾಲೆಯ ಬಿಡಾರ. ನೀಲಿ ಪಡಸಾಲೆ, ಗುಲಾಬಿ ಪಡಸಾಲೆ ಎಂದು ಬಣ್ಣದಿಂದಲೇ ಗುರುತು. ಮಾಬೆಯ್ನ್‌ನ ಕಣ್ಣು ಕೋರೈಸುವ ಚಿನ್ನದ ಲೇಪದ ಕೋಣೆಗಳಿಂದ ಜನಾನಕ್ಕೆ ಬಂದರೆ ಮಾಳಿಗೆಯ ಚಿತ್ತಾರ ಸರಳವಾಗುತ್ತದೆ, ಪೀಠೋಪಕರಣ ಮನೆಯದರಂತೆ ಕಾಣುತ್ತದೆ. ಅತಿಥಿಗಳು ಕಾಲಿಡದ ಜಾಗದಲ್ಲಿ ಯುರೋಪಿನ ವೇಷಕ್ಕೆ ಅಷ್ಟು ಕೆಲಸವಿರಲಿಲ್ಲ.

ರಾಯಭಾರಿಗಳು ಬರುತ್ತಿದ್ದುದು ಮಾಬೆಯ್ನ್ ಕಡೆಯಿಂದ. ಮೊದಲು ಅವರಿಗೆ ಸಿಗುತ್ತಿದ್ದುದು ಹರಳಿನ ಮೆಟ್ಟಿಲು. ಕುದುರೆಲಾಳದಂತೆ ಎರಡು ಕಡೆಯಿಂದ ಬಾಗಿ ಏರುವ ಈ ಮೆಟ್ಟಿಲಿನ ಕೈಹಿಡಿ ಮಹಾಗನಿ ಮರದ್ದು, ಅದನ್ನು ಹೊತ್ತಿರುವ ಸಣ್ಣ ಕಂಬಗಳು ಫ್ರಾನ್ಸಿನ ಬಕರಾ ಹರಳಿನವು, ಹಿತ್ತಾಳೆಯ ಕಟ್ಟಿನೊಳಗೆ ಕೂರಿಸಿದವು. ಹತ್ತಿರ ಹೋಗಿ ನೋಡಿದರೆ ಒಂದೊಂದು ಕಂಬದ ಮುಖಗಳಲ್ಲೂ ಮೇಲಿನ ಗಾಜಿನ ಮಾಡಿನ ಬೆಳಕು ಚೂರುಚೂರಾಗಿ ಬಿದ್ದಿರುತ್ತದೆ. ಮೆಟ್ಟಿಲು ಹತ್ತಿದರೆ ಸುಫೆರಾ ಪಡಸಾಲೆ, ರಾಯಭಾರಿಗಳು ಕಾಯುವ ಜಾಗ. ಕಾಯುವಾಗ ಕಾಲ ಕೆಳಗೆ ಹೆರೆಕೆ ಜಮಖಾನ. ಹೆರೆಕೆ ಎಂಬ ಊರಿನಲ್ಲಿ ಅಬ್ದುಲ್ ಮಜೀದನ ಕಾಲದಲ್ಲೇ ಅರಮನೆಯ ನೇಯ್ಗೆ ಕಾರ್ಖಾನೆ ಶುರುವಾಗಿತ್ತು. ದೊಲ್ಮಾಬಾಚೆಯ ಪರದೆ, ಹೊದಿಕೆ, ಜಮಖಾನಗಳಲ್ಲಿ ಬಹುಪಾಲು ಅಲ್ಲಿಂದಲೇ ಬಂದವು. ಕನ್ನಡಿ, ಗಡಿಯಾರ, ಪಿಯಾನೊಗಳನ್ನು ಹೊರಗಿನಿಂದ ತರಿಸಿದವರು ನೆಲಹಾಸಿನ ವಿಷಯದಲ್ಲಿ ತಮ್ಮ ನೇಕಾರರನ್ನು ಬಿಟ್ಟು ಕದಲಲಿಲ್ಲ.

ಕೊನೆಗೆ ನಡುವಿನ ಸಭಾಂಗಣ. ಹೆಸರು ಮುಆಯೆದೆ. ರಂಜಾನ್ ಮತ್ತು ಬಕ್ರೀದ್ ಹಬ್ಬಗಳಲ್ಲಿ ಸುಲ್ತಾನ ದರ್ಬಾರು ನಡೆಸುತ್ತಿದ್ದುದು ಇಲ್ಲಿ. ಎರಡು ಸಾವಿರ ಚದರ ಮೀಟರಿಗೂ ಮಿಕ್ಕಿದ ನೆಲ, 56 ಕಂಬಗಳು, ಮೇಲೆ ಆ ಅಡಗಿದ ಗುಮ್ಮಟ. ಗುಮ್ಮಟದಿಂದ ಇಳಿಬಿದ್ದಿರುವ ಹರಳಿನ ತೂಗುದೀಪದ ತೂಕ ನಾಲ್ಕೂವರೆ ಟನ್, ದೀಪಗಳು 750. ಇದು ವಿಕ್ಟೋರಿಯಾ ರಾಣಿ ಕೊಟ್ಟ ಉಡುಗೊರೆ ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು, ಮಾರ್ಗದರ್ಶಕರು ಈಗಲೂ ಹಾಗೆ ಹೇಳುವುದುಂಟು. 2006ರಲ್ಲಿ ರಸೀದಿ ಸಿಕ್ಕಿತು. ಇಂಗ್ಲೆಂಡಿನಲ್ಲಿ ತಯಾರಾದದ್ದು ನಿಜ, ಹಣ ಪೂರ್ತಿ ಕೊಟ್ಟದ್ದು ಆಟೊಮನ್ ಬೊಕ್ಕಸ.

ಹಬ್ಬದ ದಿನ ಈ ಹಾಲಿನಲ್ಲಿ ನಡೆಯುತ್ತಿದ್ದ ಕ್ರಮವನ್ನು ತಿಳಿದರೆ ಕಟ್ಟಡ ಬೇರೆಯಾಗಿಯೇ ಕಾಣುತ್ತದೆ. ಟೋಪ್ಕಪಿಯಿಂದ ಹಳೆಯ ಚಿನ್ನದ ಸಿಂಹಾಸನವನ್ನು ಇಲ್ಲಿಗೆ ಹೊತ್ತು ತರುತ್ತಿದ್ದರು. ಬೆಳಗಿನ ಹಬ್ಬದ ನಮಾಜು ಮುಗಿಸಿ ಸುಲ್ತಾನ ಅದರಲ್ಲಿ ಕೂರುತ್ತಿದ್ದ. ವಜೀರರು, ಉಲೇಮಾಗಳು, ಸೇನಾಧಿಕಾರಿಗಳು ಸರದಿಯಂತೆ ಬಂದು ಸಿಂಹಾಸನಕ್ಕೆ ಕಟ್ಟಿದ ಜರಿಯ ಕುಚ್ಚನ್ನು ಮುಟ್ಟಿ ತುಟಿಗೆ ಒತ್ತಿಕೊಳ್ಳುತ್ತಿದ್ದರು. ಮೇಲಿನ ಮೊಗಸಾಲೆಗಳಲ್ಲಿ ಒಂದು ಕಡೆ ವಾದ್ಯದವರು, ಒಂದು ಕಡೆ ವಿದೇಶಿ ರಾಯಭಾರಿಗಳು, ಇನ್ನೊಂದು ಕಡೆ ಜಾಲರಿಯ ಹಿಂದೆ ಜನಾನದ ಹೆಂಗಸರು. ಸುತ್ತಲಿನ ಕಂಬ, ಕನ್ನಡಿ, ದೀಪ ಎಲ್ಲ ಯುರೋಪಿನ ರಂಗಮಂದಿರವನ್ನು ನೆನಪಿಸುತ್ತವೆ. ಅರಮನೆಯ ಒಳಾಲಂಕಾರದಲ್ಲಿ ದುಡಿದ ಫ್ರೆಂಚ್ ಕಲಾವಿದ ಶಾರ್ಲ್ ಸೆಶಾನ್ ಪ್ಯಾರಿಸ್ ಒಪೆರಾಕ್ಕೆ ಪರದೆ ಬರೆದವರು. ಆದರೆ ಆ ರಂಗದ ಮೇಲೆ ನಡೆಯುತ್ತಿದ್ದ ವಿಧಿ ಟೋಪ್ಕಪಿಯ ಅಂಗಳದಿಂದ ಒಂದು ಹೆಜ್ಜೆಯೂ ತಪ್ಪದೆ ಬಂದದ್ದು. ಇಷ್ಟು ದೊಡ್ಡ ಹಾಲನ್ನು ಚಳಿಗಾಲದಲ್ಲಿ ಬೆಚ್ಚಗಿಡಲು ನೆಲಮಾಳಿಗೆಯಲ್ಲಿ ಬೆಂಕಿ ಹಾಕಿ, ಬಿಸಿಗಾಳಿಯನ್ನು ಕಂಬಗಳ ಬುಡದ ರಂಧ್ರಗಳಿಂದ ಮೇಲಕ್ಕೆ ಬಿಡುತ್ತಿದ್ದರು.

ದೀಪಗಳು ಮೊದಲು ಉರಿದದ್ದು ಗ್ಯಾಸಿನಿಂದ. ಅರಮನೆಗಾಗಿಯೇ ಹತ್ತಿರದಲ್ಲಿ ಕಲ್ಲಿದ್ದಲ ಗ್ಯಾಸಿನ ಸ್ಥಾವರ ಹಾಕಿದ್ದರು. ಉಳಿಕೆ ಗ್ಯಾಸಿನಲ್ಲಿ ಬೆಯೊಗ್ಲು ಬಡಾವಣೆಯ ದೊಡ್ಡ ಬೀದಿಗೆ ದೀಪ ಹತ್ತಿತು. ಇಸ್ತಾನ್‌ಬುಲ್‌ನ ಬೀದಿದೀಪದ ಕಥೆ ಶುರುವಾಗುವುದೇ ದೊಲ್ಮಾಬಾಚೆಯಿಂದ. ವಿದ್ಯುತ್ತು ಬಂದದ್ದು ಬಹಳ ತಡವಾಗಿ, 1910ರ ನಂತರ.

ಖರ್ಚಿನ ವಿಷಯಕ್ಕೆ ಬಂದರೆ ಅರಮನೆಯ ಪರ ವಾದಿಸುವುದು ಕಷ್ಟ. ಒಟ್ಟು 50 ಲಕ್ಷ ಚಿನ್ನದ ನಾಣ್ಯಗಳು, ಅಂದರೆ ಸುಮಾರು 35 ಟನ್ ಚಿನ್ನದ ಬೆಲೆ ಎಂದು ಲೆಕ್ಕ ಹಾಕುತ್ತಾರೆ. ಮಾಳಿಗೆಗಳಿಗೆ ಬಳಿದ ಚಿನ್ನದ ರೇಕೇ 14 ಟನ್ ಎನ್ನುವ ಲೆಕ್ಕವಿದೆ. ಕಟ್ಟಡ ಏಳುತ್ತಿದ್ದಾಗಲೇ ಕ್ರಿಮಿಯಾ ಯುದ್ಧ ಬಂತು. ಬ್ರಿಟನ್ ಮತ್ತು ಫ್ರಾನ್ಸ್ ಸುಲ್ತಾನನ ಪರ ನಿಂತು ರಷ್ಯಾದ ವಿರುದ್ಧ ಹೋರಾಡಿದವು. ಯುದ್ಧದ ಖರ್ಚಿಗೆಂದು 1854ರಲ್ಲಿ ಆಟೊಮನ್ ಸಾಮ್ರಾಜ್ಯ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಹೊರದೇಶದಿಂದ ಸಾಲ ಎತ್ತಿತು, 30 ಲಕ್ಷ ಪೌಂಡ್. ಮರುವರ್ಷ ಮತ್ತೊಂದು ಸಾಲ. ಸಾಲ ತೀರಿಸಲು ಸಾಲ ಮಾಡುವ ಚಾಳಿ ಅಂಟಿಕೊಂಡಿತು. 1875ರಲ್ಲಿ ಬಡ್ಡಿ ಪೂರ್ತಿ ಕಟ್ಟಲಾರೆವು ಎಂದು ಸರ್ಕಾರವೇ ಕೈಚೆಲ್ಲಿತು. 1881ರಲ್ಲಿ ಸಾಲ ಕೊಟ್ಟ ಯುರೋಪಿನವರ ಪ್ರತಿನಿಧಿಗಳೇ ಇಸ್ತಾನ್‌ಬುಲ್‌ಗೆ ಬಂದು ಕಚೇರಿ ತೆರೆದು ಉಪ್ಪು, ತಂಬಾಕು, ರೇಷ್ಮೆಗಳ ಆದಾಯವನ್ನು ನೇರವಾಗಿ ವಸೂಲಿ ಮಾಡತೊಡಗಿದರು.

ಸಾಮ್ರಾಜ್ಯವನ್ನು ಮುಳುಗಿಸಿದ್ದು ಈ ಒಂದು ಅರಮನೆ ಎನ್ನುವುದು ಉತ್ಪ್ರೇಕ್ಷೆ. ಯುದ್ಧಗಳು ನುಂಗಿದ್ದು ಇದಕ್ಕಿಂತ ಎಷ್ಟೋ ಹೆಚ್ಚು. ಆದರೆ ಸಮಾನರೆಂದು ತೋರಿಸಿಕೊಳ್ಳಲು ಸುರಿದ ಚಿನ್ನ, ಆ ಸಮಾನತೆಯನ್ನೇ ಕಿತ್ತುಕೊಂಡ ಸಾಲದ ಹೊರೆಗೆ ತನ್ನ ಪಾಲನ್ನು ಸೇರಿಸಿತು ಎಂಬುದನ್ನು ಅಲ್ಲಗಳೆಯಲಾಗದು. ಅನಾತೋಲಿಯಾದ ಹಳ್ಳಿಯ ರೈತ ಕಟ್ಟಿದ ತೆರಿಗೆಯೂ ಆ ಮಾಳಿಗೆಗಳ ಮೇಲೆ ಮಿನುಗುತ್ತಿದೆ. ಅಬ್ದುಲ್ ಮಜೀದ್ ಸ್ವತಃ ಅಲ್ಲಿ ಬಾಳಿದ್ದು ಸುಮಾರು ಐದು ವರ್ಷ. ಕ್ಷಯ ತಗುಲಿ 1861ರಲ್ಲಿ, 38ರ ವಯಸ್ಸಿನಲ್ಲಿ ತೀರಿಕೊಂಡ.

ಅವನ ತಮ್ಮ ಅಬ್ದುಲ್ ಅಜೀಜ್‌ನ ಆಳ್ವಿಕೆ ಈ ಅರಮನೆಯಲ್ಲಿ ಮುಗಿದ ರೀತಿ ಭಯಂಕರ. 1876ರ ಮೇ 30ರ ನಸುಕಿನಲ್ಲಿ ನೆಲದ ಕಡೆಯಿಂದ ಸೈನಿಕರು, ನೀರಿನ ಕಡೆಯಿಂದ ಯುದ್ಧನೌಕೆಗಳು ಅರಮನೆಯನ್ನು ಸುತ್ತುವರಿದವು. ಮಂತ್ರಿಗಳೇ ಸೇರಿ ಅವನನ್ನು ಪಟ್ಟದಿಂದ ಇಳಿಸಿದರು. ಕಡಲಿಗೆ ಮುಖ ಮಾಡಿ, ಕೋಟೆಯಿಲ್ಲದೆ, ಕಂದಕವಿಲ್ಲದೆ ಕಟ್ಟಿದ ಅರಮನೆಯ ದೌರ್ಬಲ್ಯ ಅಂದು ಬಯಲಾಯಿತು. ಮುಂದೆ ಬಂದ ಎರಡನೇ ಅಬ್ದುಲ್ ಹಮೀದ್ ಅದನ್ನು ಮರೆಯಲಿಲ್ಲ. ಗುಡ್ಡದ ಮೇಲೆ, ಮರಗಳ ಮರೆಯಲ್ಲಿ, ಎತ್ತರದ ಗೋಡೆಗಳ ಒಳಗಿದ್ದ ಯಿಲ್ದಿಜ್ ಅರಮನೆಗೆ ವಾಸ ಬದಲಾಯಿಸಿದ. ಹಬ್ಬದ ದರ್ಬಾರಿಗೆ ಮಾತ್ರ ದೊಲ್ಮಾಬಾಚೆಗೆ ಇಳಿದು ಬರುತ್ತಿದ್ದ. ಅರಮನೆಯ ಮುಂದಿನ 27 ಮೀಟರ್ ಎತ್ತರದ ಗಡಿಯಾರ ಗೋಪುರ ಅವನ ಕಾಲದ್ದೇ. 1890ರಿಂದ 1895ರ ನಡುವೆ ಗರಬೆತ್‌ರ ಇನ್ನೊಬ್ಬ ಮಗ ಸರ್ಕಿಸ್ ಬಾಲ್ಯಾನ್ ಕಟ್ಟಿದ್ದು. ಗಡಿಯಾರ ಪ್ಯಾರಿಸ್ಸಿನದು, ಮುಖದ ಮೇಲಿನ ಅಂಕಿಗಳು ಅರಬ್ಬಿಯವು.

ಇದೇ ಅಬ್ದುಲ್ ಹಮೀದನ ಕಾಲದಲ್ಲಿ ಮುಆಯೆದೆ ಸಭಾಂಗಣ ತಾನು ಎಂದೂ ಕಾಣದಿದ್ದ ಒಂದು ನೋಟ ಕಂಡಿತು. 1877ರ ಮಾರ್ಚ್ 19ರಂದು ಆಟೊಮನ್ನರ ಮೊಟ್ಟಮೊದಲ ಸಂಸತ್ತಿನ ಉದ್ಘಾಟನೆ ಅಲ್ಲಿ ನಡೆಯಿತು. ಅರಬರು, ತುರ್ಕರು, ಗ್ರೀಕರು, ಆರ್ಮೇನಿಯನ್ನರು, ಯಹೂದಿಗಳು ಆಯ್ಕೆಯಾಗಿ ಬಂದು ಆ ಗುಮ್ಮಟದಡಿ ನಿಂತಿದ್ದರು. ಮರುವರ್ಷವೇ ಸುಲ್ತಾನ ಅದನ್ನು ಮುಚ್ಚಿಸಿದ. ಮತ್ತೆ ಸಂಸತ್ತು ಸೇರಲು ಮೂವತ್ತು ವರ್ಷ ಬೇಕಾಯಿತು.

ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯ ಸೋತು ಚೂರಾಯಿತು. 1922ರ ನವೆಂಬರ್ 1ರಂದು ಅಂಕಾರಾದ ಹೊಸ ಸಂಸತ್ತು ಸುಲ್ತಾನ ಪದವಿಯನ್ನು ರದ್ದು ಮಾಡಿತು. ಕೊನೆಯ ಸುಲ್ತಾನ ಆ ತಿಂಗಳ 17ರಂದು ಬ್ರಿಟಿಷ್ ಯುದ್ಧನೌಕೆ ಹತ್ತಿ ಹೊರಟುಹೋದ. ಮುಸ್ಲಿಮರ ಧರ್ಮನಾಯಕ ಎಂಬ ಖಲೀಫ ಪದವಿ ಮಾತ್ರ ಉಳಿಯಿತು. ಅದಕ್ಕೆ ಸಂಸತ್ತು ಆರಿಸಿದ್ದು ಎರಡನೇ ಅಬ್ದುಲ್ ಮಜೀದ್ ಅವರನ್ನು. ಚಿತ್ರಕಾರ, ಸಂಗೀತದ ಹುಚ್ಚಿನವರು, ಹಲವು ಭಾಷೆಗಳ ಓದುಗರು. ಜನಾನದಲ್ಲಿ ಹೆಂಗಸರು ಬೀಥೋವನ್ ನುಡಿಸುತ್ತಿರುವ ಅವರ ಚಿತ್ರ ಹೆಸರಾದದ್ದು. ದೊಲ್ಮಾಬಾಚೆಯ ಗ್ರಂಥಾಲಯವೂ ಅವರ ಪುಸ್ತಕಪ್ರೀತಿಯ ಗುರುತು. ಎರಡು ಲೋಕಗಳನ್ನು ಒಂದೇ ಮೈಯಲ್ಲಿ ಹೊತ್ತ ಈ ಅರಮನೆಗೆ ಅವರಷ್ಟು ಒಪ್ಪುವ ನಿವಾಸಿ ಬಹುಶಃ ಬೇರೆ ಯಾರೂ ಆಗಿರಲಿಲ್ಲ.

ಆ ಹೊತ್ತಿಗೆ ಖಲೀಫರ ಭವಿಷ್ಯ ಇಸ್ತಾನ್‌ಬುಲ್‌ನಷ್ಟೇ ಭಾರತದಲ್ಲೂ ಚರ್ಚೆಯ ವಿಷಯವಾಗಿತ್ತು. ಅಲಿ ಸೋದರರು ಕಟ್ಟಿದ, ಗಾಂಧೀಜಿ ಕೈಜೋಡಿಸಿದ ಖಿಲಾಫತ್ ಚಳವಳಿ ಊರೂರು ತಲುಪಿತ್ತು. 1923ರ ಕೊನೆಯಲ್ಲಿ ಭಾರತದ ಮುಸ್ಲಿಂ ಮುಂದಾಳುಗಳಾದ ಆಗಾ ಖಾನ್ ಮತ್ತು ಅಮೀರ್ ಅಲಿ ಖಲೀಫರ ಗೌರವ ಕಾಪಾಡಿ ಎಂದು ಅಂಕಾರಾಕ್ಕೆ ಬರೆದ ಪತ್ರ ತಿರುಗುಬಾಣವಾಯಿತು. ಹೊರಗಿನವರ ಈ ಕೈಹಾಕುವಿಕೆಯನ್ನು ಹೊಸ ತುರ್ಕಿ ಗಣರಾಜ್ಯದ ನಾಯಕರು ಸಹಿಸಲಿಲ್ಲ. 1924ರ ಮಾರ್ಚ್ 3ರಂದು ಖಲೀಫ ಪದವಿಯೂ ರದ್ದಾಯಿತು. ಅದೇ ರಾತ್ರಿ ದೇಶ ಬಿಡಬೇಕೆಂದು ಆಜ್ಞೆ. ಬೆಳಗಾಗುವ ಮೊದಲೇ ಖಲೀಫರನ್ನು, ಅವರ ಕುಟುಂಬವನ್ನು ಕಾರುಗಳಲ್ಲಿ ಊರಾಚೆಯ ಚತಾಲ್ಜಾ ನಿಲ್ದಾಣಕ್ಕೆ ಒಯ್ದು ರೈಲು ಹತ್ತಿಸಿದರು. ಜೊತೆಯಲ್ಲಿ ಅವರ ಹತ್ತು ವರ್ಷದ ಮಗಳು ದುರ್ರು ಶೆಹವಾರ್ ಇದ್ದರು.

ಸ್ವಿಟ್ಜರ್ಲೆಂಡ್ ದಾಟಿ ಫ್ರಾನ್ಸಿನ ನೀಸ್ ಸೇರಿದ ಆ ಕುಟುಂಬದ ಕೈ ಬರಿದಾದಾಗ ನೆರವು ಕಳಿಸಿದವರು ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್, ತಿಂಗಳಿಗೆ 300 ಪೌಂಡ್. ಬೀದರ್, ಕಲಬುರಗಿ, ರಾಯಚೂರು ಆಗ ಅದೇ ನಿಜಾಮರ ಆಳ್ವಿಕೆಯಲ್ಲಿದ್ದವು. 1931ರ ನವೆಂಬರಿನಲ್ಲಿ ನೀಸ್‌ನಲ್ಲಿ ದುರ್ರು ಶೆಹವಾರ್ ಮತ್ತು ನಿಜಾಮರ ಹಿರಿಯ ಮಗ ಆಜಮ್ ಜಾಹ್ ಅವರ ಮದುವೆ ನಡೆಯಿತು. ಅದೇ ಮನೆತನದ ನಿಲೂಫರ್ ಎರಡನೇ ಮಗ ಮುಅಜ್ಜಮ್ ಜಾಹ್ ಅವರನ್ನು ಮದುವೆಯಾದರು. ದೊಲ್ಮಾಬಾಚೆಯಿಂದ ರಾತ್ರೋರಾತ್ರಿ ಹೊರಟ ಹುಡುಗಿ ಹೀಗೆ ದಖ್ಖನಿನ ಸೊಸೆಯಾಗಿ ಬಂದರು. ಹಳೆ ಹೈದರಾಬಾದಿನ ಪುರಾನಿ ಹವೇಲಿಯಲ್ಲಿ ಅವರ ಹೆಸರಿನ ಆಸ್ಪತ್ರೆ ಇವತ್ತಿಗೂ ಇದೆ. ಅವರ ಮಗ ಮುಕರ್ರಮ್ ಜಾಹ್ 2023ರ ಜನವರಿಯಲ್ಲಿ ತೀರಿಕೊಂಡದ್ದು ಇಸ್ತಾನ್‌ಬುಲ್‌ನಲ್ಲಿ, ಮಣ್ಣಾದದ್ದು ಹೈದರಾಬಾದಿನ ಮೆಕ್ಕಾ ಮಸೀದಿಯಲ್ಲಿ.

ಇತ್ತ ಅರಮನೆ ರಾಷ್ಟ್ರದ ಆಸ್ತಿಯಾಯಿತು. ಮುಸ್ತಫಾ ಕೆಮಾಲ್ ಅತಾತುರ್ಕ್ ಗಣರಾಜ್ಯದ ಅಧ್ಯಕ್ಷರಾದ ಮೇಲೆ ಇಸ್ತಾನ್‌ಬುಲ್‌ಗೆ ಮೊದಲು ಬಂದದ್ದು 1927ರ ಜುಲೈ 1ರಂದು. ಇಳಿದುಕೊಂಡದ್ದು ದೊಲ್ಮಾಬಾಚೆಯಲ್ಲಿ. ಮರುವರ್ಷ ಅರಬ್ಬಿ ಲಿಪಿಯನ್ನು ಬಿಟ್ಟು ಲ್ಯಾಟಿನ್ ಅಕ್ಷರ ತರುವಾಗ ಈ ಅರಮನೆಯ ಪಡಸಾಲೆಗೆ ಕರಿಹಲಗೆ ಬಂತು, ಸಂಸದರು, ಲೇಖಕರು ಅದರ ಮುಂದೆ ಕೂತು ಹೊಸ ಅಕ್ಷರ ಕಲಿತರು. 1932ರ ಸೆಪ್ಟೆಂಬರ್ 26ರಂದು ಮೊದಲ ತುರ್ಕಿ ಭಾಷಾ ಸಮ್ಮೇಳನವೂ ಇಲ್ಲೇ ಸೇರಿತು. ಅದಕ್ಕೆ ಸೋಫಿಯಾದಿಂದ ಆಹ್ವಾನಿತರಾಗಿ ಬಂದವರಲ್ಲಿ ಆರ್ಮೇನಿಯನ್ ಭಾಷಾವಿಜ್ಞಾನಿ ಆಗೋಪ್ ಮಾರ್ತಾಯಾನ್ ಒಬ್ಬರು. ಆರ್ಮೇನಿಯನ್ನರು ಕಟ್ಟಿದ ಮನೆಯಲ್ಲಿ ಒಬ್ಬ ಆರ್ಮೇನಿಯನ್ ವಿದ್ವಾಂಸರು ತುರ್ಕಿ ಭಾಷೆಯ ಬಗ್ಗೆ ಮಾತಾಡಿದ ಆ ಪ್ರಸಂಗಕ್ಕೆ ತುರ್ಕಿಯ ಇತಿಹಾಸದಲ್ಲಿ ಸಲ್ಲಬೇಕಾದಷ್ಟು ಜಾಗ ಸಂದಿಲ್ಲ. 1915ರಿಂದ ಮುಂದಕ್ಕೆ ಆ ಜನಾಂಗದ ಮೇಲೆ ನಡೆದ ಸಾಮೂಹಿಕ ಹತ್ಯೆ, ಗಡೀಪಾರುಗಳನ್ನು ನೆನೆದರೆ ಈ ಮಾತಿನ ಭಾರ ಇನ್ನೂ ಹೆಚ್ಚುತ್ತದೆ.

ಅತಾತುರ್ಕ್ ಕೊನೆಯುಸಿರೆಳೆದದ್ದೂ ಇಲ್ಲೇ. 1938ರ ನವೆಂಬರ್ 10, ಬೆಳಿಗ್ಗೆ 9 ಗಂಟೆ 5 ನಿಮಿಷ. ಜನಾನ ಭಾಗದ 71ನೇ ಕೋಣೆ. ಮಂಚದ ಮೇಲೆ ತುರ್ಕಿಯ ಕೆಂಪು ಬಾವುಟ ಹೊದಿಸಿದೆ, ಪಕ್ಕದ ಗಡಿಯಾರ ಆ ಸಮಯಕ್ಕೇ ನಿಂತಿದೆ. ಪ್ರತಿ ನವೆಂಬರ್ 10ರಂದು ಜನ ಸಾಲುಗಟ್ಟಿ ಬಂದು ಆ ಕೋಣೆಯ ಮುಂದೆ ತಲೆಬಾಗುತ್ತಾರೆ. ಸುಲ್ತಾನರನ್ನು ಓಡಿಸಿದ ಗಣರಾಜ್ಯದ ಅತಿ ಪವಿತ್ರ ಕೋಣೆ ಸುಲ್ತಾನರ ಅಂತಃಪುರದೊಳಗಿದೆ.

1984ರಲ್ಲಿ ಅರಮನೆ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು. ಪಾದರಕ್ಷೆಗೆ ಪ್ಲಾಸ್ಟಿಕ್ ಚೀಲ ತೊಟ್ಟು, ಹಗ್ಗ ಕಟ್ಟಿದ ದಾರಿಯಲ್ಲಿ ಸಾಗಬೇಕು. ಹೆಚ್ಚಿನ ಪ್ರವಾಸಿ ತಂಡಗಳು ಹರಳಿನ ಮೆಟ್ಟಿಲು, ತೂಗುದೀಪ ನೋಡಿ, ಚಿನ್ನದ ಲೆಕ್ಕ ಕೇಳಿ ಬಾಯಿ ತೆರೆದು, ಹೊತ್ತಾಯಿತೆಂದು ಜನಾನವನ್ನು ಬಿಟ್ಟು ಹೊರಡುತ್ತವೆ. ಹಾಗೆ ಹೊರಟವರು ಯುರೋಪನ್ನು ನೋಡಿ, ಆಟೊಮನ್ನರನ್ನು ನೋಡದೆ ಹೋದಂತೆ. ಹೊತ್ತಿದ್ದವರು ಮೊದಲು ಜನಾನಕ್ಕೇ ಹೋಗುವುದು ಒಳ್ಳೆಯದು. ಪಡಸಾಲೆಯ ನಡುವೆ ನಿಂತು ನಾಲ್ಕು ದಿಕ್ಕಿನ ಬಾಗಿಲುಗಳನ್ನು ಎಣಿಸಿ, ಕಿಟಕಿಯಾಚೆ ಬೋಸ್ಫರಸ್ ಕಾಣುವ ತೋಳಿನಲ್ಲಿ ಒಂದು ಕ್ಷಣ ನಿಂತು, ಆಮೇಲೆ ಮಾಬೆಯ್ನ್ ಕಡೆಗೆ ಬಂದರೆ ಆ ಚಿನ್ನದ ಅಬ್ಬರದ ಹಿಂದೆಯೂ ಅದೇ ನಕ್ಷೆ ಗುರುತಿಗೆ ಸಿಗುತ್ತದೆ. ಯುವರಾಜನ ಬಿಡಾರದಲ್ಲಿ ಈಗ ಚಿತ್ರಕಲಾ ಸಂಗ್ರಹಾಲಯವಿದೆ. ಕಡಲನ್ನು ಬರೆಯುವುದರಲ್ಲಿ ಹೆಸರಾದ ಇವಾನ್ ಐವಾಜೊವ್‌ಸ್ಕಿ ಸುಲ್ತಾನರಿಗಾಗಿ ಬರೆದ ಚಿತ್ರಗಳನ್ನು ಅಲ್ಲಿ ನೋಡಬಹುದು. ಕ್ರಿಮಿಯಾದ ಆ ಕಲಾವಿದರೂ ಆರ್ಮೇನಿಯನ್ ಮನೆತನದವರೇ.